ಚೆನ್ನೈ ಹತ್ತಿರ ಸರ್ಫಿಂಗ್: ಯಾರಿಗೆ ಯಾವ ಬೀಚ್?

ವಿಡಿಯೋ ನೋಡೋಕೆ ಟೈಮ್ ಸಿಗದವರಿಗೆ, ಆಫೀಸ್ ಕ್ಯಾಬ್‌ನಲ್ಲಿ ಕೂತು ಓದೋವರಿಗೆ, ಎಂದಿನಂತೆ ಮಾತಿನ ಬರಹರೂಪ ಇಲ್ಲಿದೆ. ಮಾತಾಡುವಾಗ ಬಿಟ್ಟುಹೋದ ಒಂದೆರಡು ವಿಷಯಗಳನ್ನೂ ಸೇರಿಸಿದ್ದೀನಿ.

ಚೆನ್ನೈಗೆ ಬಂದ ನಮ್ಮವರು ನನ್ನನ್ನ ಪದೇ ಪದೇ ಕೇಳೋ ಪ್ರಶ್ನೆ ಇದು: "ಓಎಂಆರ್‌ನಲ್ಲಿ ಮನೆ, ಸಮುದ್ರ ಹತ್ತಿರವೇ ಇದೆ. ಪ್ರತಿ ಶುಕ್ರವಾರ ಬೆಂಗಳೂರು ಬಸ್ ಹತ್ತೋದು ಸಾಕಾಗಿದೆ. ಸರ್ಫಿಂಗ್ ಕಲಿಯೋಣ ಅಂತಿದ್ದೀನಿ. ಯಾವ ಬೀಚ್ ಬೆಸ್ಟ್?"

ಇದಕ್ಕೆ ಒಂದೇ ಹೆಸರು ಹೇಳಿ ಮುಗಿಸಬಹುದಿತ್ತು. ಆದ್ರೆ ಹಾಗೆ ಒಂದು ಹೆಸರು ಹಿಡ್ಕೊಂಡು ಹೋಗಿ ನಾನೇ ಒಮ್ಮೆ ಸಿಕ್ಕಿಬಿದ್ದಿದ್ದೀನಿ. ಮೊದಲು ಆ ಕಥೆ ಹೇಳ್ತೀನಿ.

ನಾನು ಬಯಲುಸೀಮೆಯವನು. ಈಜು ಕಲಿತಿದ್ದು ತೋಟದ ಬಾವಿಯಲ್ಲಿ, ಸೊಂಟಕ್ಕೆ ಒಣಗಿದ ಸೋರೆಬುರುಡೆ ಕಟ್ಟಿಕೊಂಡು. ಚೆನ್ನೈಗೆ ಬಂದ ಎರಡನೇ ವರ್ಷ ಸರ್ಫಿಂಗ್‌ನ ಮೂರು ಕ್ಲಾಸ್ ಮುಗಿಸಿದ್ದೆ. ಬೋರ್ಡ್ ಮೇಲೆ ನಾಲ್ಕೈದು ಸೆಕೆಂಡ್ ನಿಲ್ಲೋಕೆ ಬರ್ತಿತ್ತು. ಅಷ್ಟಕ್ಕೇ ಕಡಲು ಗೊತ್ತಾಯ್ತು ಅನ್ನೋ ಧೈರ್ಯ ಬಂದುಬಿಟ್ಟಿತ್ತು. ಒಂದು ಭಾನುವಾರ ಮಧ್ಯಾಹ್ನ ಇಸಿಆರ್ ಪಕ್ಕದ ಒಂದು ಖಾಲಿ ದಂಡೆಗೆ ಬಾಡಿಗೆ ಬೋರ್ಡ್ ತಗೊಂಡು ಸಹೋದ್ಯೋಗಿಯ ಜೊತೆ ಹೋದೆ. ಎಡಕ್ಕೂ ಬಲಕ್ಕೂ ಅಲೆಗಳು ಬೆಳ್ಳಗೆ ನೊರೆ ಕಕ್ಕಿಕೊಂಡು ಒಡೀತಿದ್ವು. ನಡುವೆ ಒಂದು ಕಡೆ ಮಾತ್ರ ನೀರು ಶಾಂತವಾಗಿತ್ತು, ಅಲೆಯೇ ಇರಲಿಲ್ಲ. "ಇಲ್ಲೇ ಸುಲಭ" ಅಂತ ಅಲ್ಲೇ ಇಳಿದೆ.

ಐದು ನಿಮಿಷದಲ್ಲಿ ತಿರುಗಿ ನೋಡಿದ್ರೆ ದಂಡೆಯ ಮೇಲಿದ್ದ ಗೆಳೆಯ ಬೆರಳಷ್ಟು ಚಿಕ್ಕದಾಗಿ ಕಾಣ್ತಿದ್ದ. ದಡದ ಕಡೆ ಕೈ ಬಡಿದಷ್ಟೂ ಹಿಂದಕ್ಕೇ ಹೋಗ್ತಿದ್ದೆ. ತೋಳು ಸೋತು ಬಂತು, ಉಸಿರು ಕಟ್ಟಿತು. ಆಗ ಫೈಬರ್ ದೋಣಿಯಲ್ಲಿ ಬಲೆ ಎಳೀತಿದ್ದ ಒಬ್ಬ ಮೀನುಗಾರರು ಕೂಗಿದ್ರು: "ನೇರಾ ವರಾದೇ! ಸೈಡ್‌ಲ ಪೋ, ಸೈಡ್‌ಲ!" ನೇರ ಬರಬೇಡ, ಪಕ್ಕಕ್ಕೆ ಹೋಗು ಅಂತ. ಪಕ್ಕಕ್ಕೆ, ನೊರೆ ಒಡೆಯೋ ಕಡೆಗೆ ಹೋದೆ. ಅಲ್ಲಿಂದ ಅಲೆಗಳೇ ದೂಡಿಕೊಂಡು ಬಂದು ದಡಕ್ಕೆ ಹಾಕಿದ್ವು. ಮರಳಲ್ಲಿ ಕೂತು ಫೋನ್ ನೋಡಿದ್ರೆ ಅಮ್ಮನ ಮಿಸ್ಡ್ ಕಾಲ್. ವಾಪಸ್ ಮಾಡಿದಾಗ ಕೇಳಿದ್ದು ಒಂದೇ ಮಾತು, "ಊಟ ಆಯ್ತಾ?" ಆಯ್ತು ಅಂದೆ. ಬೇರೆ ಏನೂ ಹೇಳೋಕಾಗಲಿಲ್ಲ.

ಅವತ್ತು ಕಲಿತಿದ್ದೇ ಇವತ್ತಿನ ಪೂರ್ತಿ ವಿಷಯ. ಎಲ್ಲ ಸರಿಹೋದಾಗ ಎಲ್ಲಿ ಮಜಾ ಬರುತ್ತೆ ಅಂತ ನೋಡಿ ಬೀಚ್ ಆರಿಸಬಾರದು. ತಪ್ಪಾದಾಗ ನೀರು ನಮ್ಮನ್ನ ಎಲ್ಲಿಗೆ ಒಯ್ಯುತ್ತೆ, ಅಲ್ಲಿಂದ ವಾಪಸ್ ಬರೋ ಶಕ್ತಿ ನಮಗಿದೆಯಾ ಅಂತ ನೋಡಿ ಆರಿಸಬೇಕು. ನಿಮ್ಮ ಮಟ್ಟ ಅಂದ್ರೆ ಅದೇ.

ಮೊದಲು ಈ ಕಡಲನ್ನ ಅರ್ಥ ಮಾಡ್ಕೊಳ್ಳೋಣ

ಭಾರತದ ಸರ್ಫಿಂಗ್ ಕಥೆಗೆ ನಮ್ಮ ಮೂಲ್ಕಿಯ ನಂಟಿದೆ. 2004ರಲ್ಲಿ ಅಮೆರಿಕದ ಜ್ಯಾಕ್ ಹೆಬ್ನರ್, ಎಲ್ಲರೂ 'ಸರ್ಫಿಂಗ್ ಸ್ವಾಮಿ' ಅಂತ ಕರೆಯೋರು, ಮೂಲ್ಕಿಯಲ್ಲಿ ಮಂತ್ರ ಸರ್ಫ್ ಕ್ಲಬ್ ಶುರು ಮಾಡಿದ್ರು. 2016ರಲ್ಲಿ ಮೊದಲ ಇಂಡಿಯನ್ ಓಪನ್ ಆಫ್ ಸರ್ಫಿಂಗ್ ನಡೆದದ್ದೂ ಅದರ ಪಕ್ಕದ ಸಸಿಹಿತ್ಲು ಬೀಚಲ್ಲಿ. ಹಾಗಾಗಿ ಕರಾವಳಿಯವರು ಕೆಲವರು ಅಲ್ಲೇ ಒಂದೆರಡು ಕ್ಲಾಸ್ ಮಾಡಿ, ಆ ಲೆಕ್ಕವನ್ನೇ ಹಿಡ್ಕೊಂಡು ಚೆನ್ನೈಗೆ ಬರ್ತಾರೆ. ಆದ್ರೆ ಇಲ್ಲಿ ಕ್ಯಾಲೆಂಡರ್ ಉಲ್ಟಾ.

ಯಾಕೆ ಅಂದ್ರೆ, ಜೂನ್‌ನಿಂದ ಸೆಪ್ಟೆಂಬರ್ ತನಕ ಬೀಸೋದು ನೈಋತ್ಯ ಗಾಳಿ. ಮೂಲ್ಕಿ, ಮಲ್ಪೆ, ಕಾರವಾರದಲ್ಲಿ ಅದು ಕಡಲಿಂದ ನೆಲದ ಕಡೆಗೆ ನುಗ್ಗುತ್ತೆ. ಕಡಲು ಕುದಿಯುತ್ತೆ, ಮೀನುಗಾರಿಕೆ ದೋಣಿಗಳೇ ದಡ ಸೇರ್ತಾವೆ. ಅದೇ ಗಾಳಿ ಘಟ್ಟ ದಾಟಿ ಚೆನ್ನೈಗೆ ಬರೋ ಹೊತ್ತಿಗೆ ನೆಲದಿಂದ ಕಡಲಿನ ಕಡೆಗೆ ಬೀಸುತ್ತೆ. ಎದುರುಗಾಳಿ ಅಲೆಯ ಮುಖವನ್ನ ನೇರ ನಿಲ್ಲಿಸುತ್ತೆ, ಇಸ್ತ್ರಿ ಹಾಕಿದ ಹಾಗೆ ನಯವಾಗಿಸುತ್ತೆ. ಜೊತೆಗೆ ದೂರದ ದಕ್ಷಿಣ ಸಾಗರದಲ್ಲಿ ಹುಟ್ಟಿದ ಉಬ್ಬಲೆಗಳೂ ಈ ತಿಂಗಳುಗಳಲ್ಲೇ ಹೆಚ್ಚು ಬರ್ತಾವೆ. ಹಾಗಾಗಿ ಊರಲ್ಲಿ ಬೀಚ್ ಬಂದ್ ಆಗೋ ಹೊತ್ತಿಗೆ ಇಲ್ಲಿ ಒಳ್ಳೇ ಸರ್ಫಿಂಗ್ ಸೀಸನ್.

ಆದ್ರೆ ಒಂದು ಎಚ್ಚರಿಕೆ. ಅಲೆಯನ್ನ ನಯವಾಗಿಸೋ ಅದೇ ಬೆಳಗಿನ ಗಾಳಿ, ಬೋರ್ಡ್ ಮೇಲೆ ಸುಸ್ತಾಗಿ ಮಲಗಿದ ಹೊಸಬನನ್ನ ಸದ್ದಿಲ್ಲದೆ ಒಳಕ್ಕೆ ತಳ್ಳುತ್ತೆ. ಮಧ್ಯಾಹ್ನದ ಹೊತ್ತಿಗೆ ಕಡಲ ಗಾಳಿ ಶುರುವಾಗಿ ಅಲೆಗಳೆಲ್ಲ ಕೆದರಿಹೋಗ್ತಾವೆ. ಅದಕ್ಕೇ ಇಲ್ಲಿ ಎಲ್ಲರೂ ಬೆಳಗ್ಗೆ ಆರಕ್ಕೆ ನೀರಿಗಿಳಿಯೋದು.

ಅಕ್ಟೋಬರ್‌ನಿಂದ ಡಿಸೆಂಬರ್ ಈಶಾನ್ಯ ಮಳೆಗಾಲ. ಗಾಳಿ ಕಡಲಿಂದ ಬರುತ್ತೆ, ಅಲೆ ಅಡ್ಡಾದಿಡ್ಡಿ, ಮೇಲಿಂದ ಚಂಡಮಾರುತದ ಕಾಟ. 2022ರ ಡಿಸೆಂಬರಲ್ಲಿ ಮಾಂಡೌಸ್ ಚಂಡಮಾರುತ ದಡ ಮುಟ್ಟಿದ್ದೇ ಮಹಾಬಲಿಪುರಂ ಹತ್ತಿರ. ಈ ಮೂರು ತಿಂಗಳು ಹೊಸಬರಿಗೆ ನನ್ನ ಸಲಹೆ ಒಂದೇ: ಸ್ವಿಮ್ಮಿಂಗ್ ಪೂಲ್. ಜನವರಿಯಿಂದ ಏಪ್ರಿಲ್ ತನಕ ಅಲೆ ಸಾಮಾನ್ಯವಾಗಿ ಚಿಕ್ಕದು, ನೀರೂ ಸಮಾಧಾನ. ಕಲಿಯೋಕೆ ಶುರು ಮಾಡೋದಾದ್ರೆ ಅದೇ ಸರಿಯಾದ ಹೊತ್ತು.

ಮರೀನಾ, ಬೆಸೆಂಟ್ ನಗರ: ಇಲ್ಲಿ ಬೇಡ

ಮರೀನಾ ಬೀಚಲ್ಲಿ ನೀರಿಗಿಳಿದು ಈಜೋದಕ್ಕೇ ಪೊಲೀಸರ ನಿಷೇಧ ಇದೆ. ದಂಡೆ ಕಡಿದಾಗಿ ಇಳಿಯುತ್ತೆ, ಸೆಳೆತ ಜೋರು. ಅಲೆ ದಡದ ಹತ್ತಿರವೇ ಬಂದು ದಬಕ್ಕನೆ ಬೀಳುತ್ತೆ. ಅಂಥ ಅಲೆ ಸವಾರಿ ಮಾಡೋಕೆ ಬರಲ್ಲ, ಕುತ್ತಿಗೆ ಮುರಿಯೋಕೆ ಮಾತ್ರ ಬರುತ್ತೆ.

ಬೆಸೆಂಟ್ ನಗರದ ಎಲಿಯಟ್ಸ್ ಬೀಚಲ್ಲಿ ಒಂದು ಬಿಳಿ ಕಮಾನು ಇದೆಯಲ್ಲ, ನಾವೆಲ್ಲ ಸೆಲ್ಫಿ ತಗೊಳ್ಳೋ ಜಾಗ, ಅದು ಷ್ಮಿಟ್ ಸ್ಮಾರಕ. 1930ರಲ್ಲಿ ಅಲ್ಲಿ ಬೇರೆಯವರ ಪ್ರಾಣ ಉಳಿಸಲು ಹೋಗಿ ತಾನೇ ಮುಳುಗಿದ ವಿದೇಶಿ ನಾವಿಕನೊಬ್ಬನ ನೆನಪಿಗೆ ಕಟ್ಟಿದ್ದು. ಈಜು ಬಲ್ಲವನನ್ನೇ ನುಂಗಿದ ನೀರು ಅದು. ಜೊತೆಗೆ ಅಡ್ಯಾರ್ ನದಿ ಕಡಲು ಸೇರೋದು ಪಕ್ಕದಲ್ಲೇ. ಮಳೆ ಬಂದ ಮಾರನೇ ದಿನ ನೀರಲ್ಲಿ ಏನೆಲ್ಲ ತೇಲಿ ಬರುತ್ತೆ ಅನ್ನೋದನ್ನ ನಾನು ಹೇಳೋದು ಬೇಡ. ಸಂಜೆ ಬಜ್ಜಿ ತಿನ್ನೋಕೆ, ಗಾಳಿಗೆ ಕೂರೋಕೆ ಎರಡೂ ಅದ್ಭುತ ಜಾಗ. ಬೋರ್ಡ್ ಮಾತ್ರ ಬೇಡ.

ಮೊದಲ ಹಂತ: ಈಗಷ್ಟೇ ಶುರು ಮಾಡೋವರು

ಬೋರ್ಡ್ ಇಲ್ಲದೆ ಆಳದ ನೀರಲ್ಲಿ ಹತ್ತು ನಿಮಿಷ ತೇಲೋಕೆ ಬರುತ್ತಾ? ಬರಲ್ಲ ಅಂದ್ರೆ ಮೊದಲು ಎರಡು ತಿಂಗಳು ಪೂಲ್‌ಗೆ ಹೋಗಿ. ಸರ್ಫ್ ಶಾಲೆಯವರು ಸೊಂಟದ ಮಟ್ಟದ ನೀರಲ್ಲೇ ಕಲಿಸ್ತಾರೆ, ನಿಜ. ಆದ್ರೆ ಬಾರಿ ಬಾರಿ ಬೀಳೋದೇ ಸರ್ಫಿಂಗ್. ಬಿದ್ದಾಗ ಹೆದರದೇ ಇರೋದನ್ನ ಪೂಲ್ ಕಲಿಸುತ್ತೆ.

ಬರುತ್ತೆ ಅಂದ್ರೆ ನಿಮ್ಮ ಜಾಗ ಕೋವಳಂ. ಕೇರಳದ ಕೋವಳಂ ಅಲ್ಲ, ಮ್ಯಾಪಲ್ಲಿ ಹುಷಾರು. ಇದು ಇಸಿಆರ್‌ನಲ್ಲಿ, ಚೆನ್ನೈ ನಡುವಿನಿಂದ ಸುಮಾರು 40 ಕಿಲೋಮೀಟರ್. ಶೋಲಿಂಗನಲ್ಲೂರು ಕಡೆ ಇರೋವರಿಗೆ ಕೇಳಂಬಾಕ್ಕಂ ಮೇಲೆ ಹೋದ್ರೆ 20 ಕಿಲೋಮೀಟರ್ ಆಸುಪಾಸು. ಇಂಗ್ಲಿಷಲ್ಲಿ ಕೋವ್ಲಾಂಗ್ ಅಂತಾರೆ. ಅಲ್ಲಿನ ಮೀನುಗಾರ ಮೂರ್ತಿ ಮೇಘವನ್ ಅವರು ಅರುಣ್ ವಾಸು ಜೊತೆ ಸೇರಿ 2012ರಲ್ಲಿ ಶುರು ಮಾಡಿದ ಸರ್ಫ್ ಶಾಲೆಯಿಂದ ಊರಿನ ಹೆಸರು ದೇಶಕ್ಕೆ ಗೊತ್ತಾಯ್ತು. ಇವತ್ತು ಅಲ್ಲಿ ಕಲಿಸೋ ಹುಡುಗರಲ್ಲಿ ಅನೇಕರು ಮೀನುಗಾರರ ಮನೆ ಮಕ್ಕಳು. ನಮಗೆ ವೆದರ್ ಆ್ಯಪ್ ಹೇಳೋದನ್ನ ಅವರು ನೀರಿನ ಬಣ್ಣ ನೋಡಿ ಹೇಳ್ತಾರೆ.

ಹೊಸಬರಿಗೆ ಕೋವಳಂ ಯಾಕೆ? ಮೂರು ಕಾರಣ. ಒಂದು, ಕಲಿಸೋ ಜಾಗದಲ್ಲಿ ಕಾಲಡಿ ಮರಳು, ಬಿದ್ರೆ ಕಲ್ಲಿಲ್ಲ. ಎರಡು, ಒಡೆದ ಅಲೆಯ ಬಿಳಿ ನೊರೆ ದಡದ ತನಕ ಉರುಳಿಕೊಂಡು ಬರುತ್ತೆ. ನಿಮಗೆ ಮೊದಲ ಐದಾರು ಕ್ಲಾಸಿಗೆ ಬೇಕಿರೋದು ಆ ನೊರೆಯೇ. ತಪ್ಪಾದ್ರೂ ಅದು ನಿಮ್ಮನ್ನ ದೂಡೋದು ದಡಕ್ಕೆ. ಮೂರನೇದು ಬಹಳ ಮುಖ್ಯ: ಸುತ್ತ ನೋಡೋ ಕಣ್ಣುಗಳಿವೆ. ಅಂದಹಾಗೆ ಕೋವಳಂ ಬೀಚಿಗೆ 2021ರಲ್ಲಿ ಬ್ಲೂ ಫ್ಲಾಗ್ ಮಾನ್ಯತೆ ಸಿಕ್ಕಿತು, ನಮ್ಮ ಪಡುಬಿದ್ರಿ ಮತ್ತು ಕಾಸರಕೋಡಿಗೆ 2020ರಲ್ಲಿ ಸಿಕ್ಕ ಹಾಗೆ. ಆ ಸ್ನಾನದ ವಲಯಕ್ಕೆ ಮಾತ್ರ ಬೋರ್ಡ್ ತಗೊಂಡು ನುಗ್ಗಬೇಡಿ. ಮಕ್ಕಳು ಆಡ್ತಿರ್ತಾರೆ, ಬಿಟ್ಟುಹೋದ ಬೋರ್ಡ್ ಒಂದು ಮರದ ದಿಮ್ಮಿಗೆ ಸಮ.

ಬೋರ್ಡ್ ಕೂಡ ನೋಡಿ ತಗೊಳ್ಳಿ. ಎಂಟು ಅಥವಾ ಒಂಬತ್ತು ಅಡಿಯ, ಮೇಲ್ಮೈ ಮೆತ್ತಗಿರೋ ಫೋಮ್ ಬೋರ್ಡ್. ಚೂಪು ಮೂತಿಯ ಚಿಕ್ಕ ಬೋರ್ಡ್ ಫೋಟೋದಲ್ಲಿ ಚೆನ್ನಾಗಿ ಕಾಣುತ್ತೆ, ಆದ್ರೆ ನಿಮ್ಮ ಭಾರಕ್ಕೆ ಮುಳುಗುತ್ತೆ. ಕಾಲಿಗೆ ಕಟ್ಟೋ ಹಗ್ಗ, ಅಂದ್ರೆ ಲೀಶ್, ಸರಿಯಾಗಿದೆಯಾ ಅಂತ ನೀವೇ ಎಳೆದು ನೋಡಿ.

ಎರಡನೇ ಹಂತ: ನೊರೆಯಲ್ಲಿ ನಿಲ್ಲೋಕೆ ಬಂದವರು

ಈ ಹಂತದವರೇ ಹೆಚ್ಚು ಅಪಾಯದಲ್ಲಿರೋರು. ಅವತ್ತು ನಾನಿದ್ದಿದ್ದೂ ಇಲ್ಲೇ. ನಿಲ್ಲೋಕೆ ಬರುತ್ತೆ, ಆದ್ರೆ ಕಡಲು ಓದೋಕೆ ಬರಲ್ಲ.

ಇಲ್ಲಿಂದ ಮುಂದೆ ಗುರಿ ಇನ್ನೂ ಒಡೆಯದ ಹಸಿರು ಅಲೆ. ಅದಕ್ಕೆ ನೊರೆ ದಾಟಿ ಆಚೆ ಹೋಗಬೇಕು, ಕಾಲು ನೆಲಕ್ಕೆ ತಾಗಲ್ಲ. ಕೋವಳಂನಲ್ಲೇ ಅಲೆ ಸೊಂಟದ ಎತ್ತರ ಇರೋ ದಿನ, ಕಲಿಸೋವರ ಜೊತೆ ಆಚೆ ಹೋಗಿ. ಅಲ್ಲಿ ಹತ್ತಿಪ್ಪತ್ತು ಸಲ ಸರಾಗವಾಗಿ ಬಂದ ಮೇಲೆ ಮಹಾಬಲಿಪುರಂ ನೋಡಬಹುದು. ಕೋವಳಂನಿಂದ ಇನ್ನೂ 20 ಕಿಲೋಮೀಟರ್ ದಕ್ಷಿಣಕ್ಕೆ. ಮಾಮಲ್ಲಪುರಂ ಅನ್ನೋ ಹೆಸರು ಬಂದಿದ್ದು ನಮ್ಮ ಇಮ್ಮಡಿ ಪುಲಿಕೇಶಿಯ ಬಾದಾಮಿಯನ್ನ ಗೆದ್ದ ನರಸಿಂಹವರ್ಮ ಪಲ್ಲವನಿಂದ. 'ಮಾಮಲ್ಲ' ಅವನ ಬಿರುದು. ಆ ಲೆಕ್ಕ ಚುಕ್ತಾ ಮಾಡೋಕೆ ಅಂತ ಹೋಗಬೇಡಿ, ಆ ನೀರಿನ ಎದುರು ಪುಲಿಕೇಶಿಯೂ ಒಂದೇ, ಪಲ್ಲವನೂ ಒಂದೇ.

ಎರಡನೇ ಹಂತದವರು ದೇವಸ್ಥಾನದ ಹತ್ತಿರದ ಕಲ್ಲುಗಳಿಂದ ದೂರ, ಉತ್ತರಕ್ಕಿರೋ ಮರಳು ದಂಡೆಯಲ್ಲೇ ಇರಿ. ಇನ್ನೊಂದು ವಿಷಯ: ನೈಋತ್ಯ ಮಾರುತದ ಕಾಲದಲ್ಲಿ ದಡಕ್ಕೆ ಸಮಾನಾಂತರವಾಗಿ ನೀರು ದಕ್ಷಿಣದಿಂದ ಉತ್ತರಕ್ಕೆ ಹರಿಯುತ್ತೆ, ಈಶಾನ್ಯ ಮಾರುತದಲ್ಲಿ ಉತ್ತರದಿಂದ ದಕ್ಷಿಣಕ್ಕೆ. ಜುಲೈಯಲ್ಲಿ ಅರ್ಧ ಗಂಟೆ ಮೈಮರೆತ್ರೆ ನೀವಿಳಿದ ಜಾಗ ಹಿಂದೆ ಬಿದ್ದು, ಉತ್ತರಕ್ಕೆ ಎಷ್ಟೋ ದೂರ ತೇಲಿ ಹೋಗಿರ್ತೀರಿ. ಇಳಿಯೋ ಮೊದಲು ದಡದಲ್ಲಿ ಒಂದು ನೀಲಿ ದೋಣಿಯೋ, ತೆಂಗಿನ ಮರವೋ ಗುರುತು ಇಟ್ಕೊಳ್ಳಿ. ಪ್ರತಿ ಅಲೆ ಆದ ಮೇಲೆ ತಿರುಗಿ ನೋಡಿ. ಕಾರಲ್ಲಿ ಕನ್ನಡಿ ನೋಡಿದ ಹಾಗೆ.

ಮೂರನೇ ಹಂತ: ಪಾಯಿಂಟ್‌ಗಳು

ದಡ ಮೂತಿಯ ಹಾಗೆ ಕಡಲಿಗೆ ಚಾಚಿದ ಜಾಗಕ್ಕೆ ಪಾಯಿಂಟ್ ಅಂತಾರೆ. ದಕ್ಷಿಣದಿಂದ ಬಂದ ಉಬ್ಬಲೆ ಆ ಮೂತಿಯನ್ನ ಸುತ್ತಿಕೊಂಡು, ಒಂದು ತುದಿಯಿಂದ ಇನ್ನೊಂದು ತುದಿಗೆ ಜಿಪ್ ಎಳೆದ ಹಾಗೆ ಒಡೆಯುತ್ತೆ. ನಮ್ಮ ಪೂರ್ವ ಕರಾವಳಿಯಲ್ಲಿ ಇವು ಸರ್ಫರ್‌ನ ಬಲಗಡೆಗೆ ಓಡೋ ಅಲೆಗಳು. ಮರಳು ದಂಡೆಯಲ್ಲಿ ಸಿಗೋದಕ್ಕಿಂತ ಎಷ್ಟೋ ಉದ್ದದ ಸವಾರಿ. ಕೋವ್ಲಾಂಗ್ ಪಾಯಿಂಟ್ ಅಂಥದ್ದು. ಮಹಾಬಲಿಪುರಂನಲ್ಲಿ ಕಡಲತೀರದ ದೇವಾಲಯದ ಪಕ್ಕದ್ದೂ ಅಂಥದ್ದೇ.

ಆದ್ರೆ ಇಲ್ಲಿ ತಪ್ಪಾದ್ರೆ ಹೋಗೋದು ಕಲ್ಲಿನ ಮೇಲೆ. ಮಹಾಬಲಿಪುರಂನಲ್ಲಿ ದೇವಸ್ಥಾನದ ರಕ್ಷಣೆಗೆ ಹಾಕಿದ ಬಂಡೆಗಳಿವೆ, ನೀರೊಳಗೆ ಕಾಣದ ಕಲ್ಲುಗಳೂ ಇವೆ. ಬೇಕಾದಾಗ ತಿರುಗಿಸೋಕೆ, ಬೇಕಾದಾಗ ನಿಲ್ಲಿಸೋಕೆ ಬರದವರು ಇಲ್ಲಿಗೆ ಬರಬಾರದು. ಇನ್ನೊಂದು ನಿಯಮವೂ ಇದೆ: ಒಡೆಯೋ ತುದಿಗೆ ಯಾರು ಹತ್ತಿರ ಇರ್ತಾರೋ ಅಲೆ ಅವರದ್ದು. ಅಡ್ಡ ನುಗ್ಗಬೇಡಿ. ಅಪಘಾತ ಆಗುತ್ತೆ, ಊರಿನವರ ಪ್ರೀತಿಯೂ ಹೋಗುತ್ತೆ.

ಮಟ್ಟ ಎಷ್ಟು ಎತ್ತರದ್ದು ಅಂತ ನೋಡಬೇಕಾ? 2023ರ ಆಗಸ್ಟಲ್ಲಿ ಮಹಾಬಲಿಪುರಂನಲ್ಲಿ ವರ್ಲ್ಡ್ ಸರ್ಫ್ ಲೀಗ್‌ನ ಅರ್ಹತಾ ಸ್ಪರ್ಧೆ ನಡೀತು. 2025ರ ಆಗಸ್ಟಲ್ಲಿ ಏಷ್ಯನ್ ಚಾಂಪಿಯನ್‌ಶಿಪ್ ಅಲ್ಲೇ. ಅದರಲ್ಲಿ ಕಂಚು ಗೆದ್ದು, ಆ ಕೂಟದಲ್ಲಿ ವೈಯಕ್ತಿಕ ಪದಕ ಪಡೆದ ಮೊದಲ ಭಾರತೀಯ ಅನ್ನಿಸಿಕೊಂಡಿದ್ದು ರಮೇಶ್ ಬೂದಿಹಾಳ್. ಹೆಸರು ಕೇಳಿದ ತಕ್ಷಣ ನಮ್ಮವನು ಅಂತ ಗೊತ್ತಾಗುತ್ತಲ್ಲ? ಮೂಲ ಕರ್ನಾಟಕ. ದುಡಿಮೆಗಾಗಿ ಕೇರಳದ ಕೋವಳಂಗೆ ಹೋದ ಕುಟುಂಬ, ಅಲ್ಲಿಯ ಕಡಲಲ್ಲೇ ಕಲಿತ ಹುಡುಗ. ನಮ್ಮ ಹಾಗೇ ಹೊಟ್ಟೆಪಾಡಿಗೆ ಊರು ಬಿಟ್ಟ ಮನೆಯವನು. ಆದ್ರೆ ಅವನು ವೀಕೆಂಡಲ್ಲಿ ಕಲಿತವನಲ್ಲ, ವರ್ಷಗಟ್ಟಲೆ ದಿನಾ ನೀರಿಗಿಳಿದವನು.

ಆ ಶಾಂತವಾದ ನೀರು ಏನಾಗಿತ್ತು?

ಅಲೆಗಳು ದಡಕ್ಕೆ ತಂದು ಸುರಿದ ನೀರು ವಾಪಸ್ ಹೋಗಬೇಕಲ್ಲ. ಮರಳುದಿಬ್ಬದ ನಡುವೆ ಎಲ್ಲಿ ತಗ್ಗಿದೆಯೋ ಅಲ್ಲಿ ಒಟ್ಟಾಗಿ ನದಿಯ ಹಾಗೆ ಹೊರಗೆ ಹರಿಯುತ್ತೆ. ಇದೇ ರಿಪ್ ಕರೆಂಟ್. ತಗ್ಗಲ್ಲಿ ನೀರು ಆಳ, ಹಾಗಾಗಿ ಅಲ್ಲಿ ಅಲೆ ಒಡೆಯಲ್ಲ. ಬಣ್ಣ ಸ್ವಲ್ಪ ಗಾಢ, ನೊರೆ ಕಮ್ಮಿ. ಗೊತ್ತಿಲ್ಲದವರಿಗೆ ಅದೇ ಸುರಕ್ಷಿತ ಜಾಗದ ಹಾಗೆ ಕಾಣುತ್ತೆ. ಕಲ್ಲಿನ ತಡೆಗೋಡೆಗಳ ಪಕ್ಕದಲ್ಲೂ, ಹಿನ್ನೀರು ಕಡಲು ಸೇರೋ ಕಡೆಯೂ ಸೆಳೆತ ಹೆಚ್ಚು.

ಸಿಕ್ಕಿಬಿದ್ರೆ ಏನು ಮಾಡೋದು? ಬೋರ್ಡ್ ಬಿಡಬೇಡಿ, ಅದೇ ನಿಮ್ಮ ಸೋರೆಬುರುಡೆ. ಮೇಲೆ ಮಲಗಿ ಉಸಿರು ಸುಧಾರಿಸ್ಕೊಳ್ಳಿ. ನೇರ ದಡಕ್ಕೆ ಈಜಬೇಡಿ. ದಡಕ್ಕೆ ಸಮಾನಾಂತರವಾಗಿ, ಅಲೆ ಒಡೆಯೋ ಕಡೆಗೆ ಹೋಗಿ. ಅದೂ ಆಗಲಿಲ್ಲ ಅಂದ್ರೆ ತೇಲುತ್ತಾ ಒಂದು ಕೈ ಮೇಲೆತ್ತಿ ಬೀಸಿ. ಸೆಳೆತ ನೀರಡಿಗೆ ಎಳೆಯಲ್ಲ. ಸಾಮಾನ್ಯವಾಗಿ ಅಲೆ ಒಡೆಯೋ ಸಾಲು ದಾಟಿದ ಮೇಲೆ ಅದರ ಜೋರು ಇಳಿಯುತ್ತೆ. ಜನ ಮುಳುಗೋದು ಹೆಚ್ಚಾಗಿ ನೀರಿನ ವಿರುದ್ಧ ಹೋರಾಡಿ ತೋಳು ಸೋತಾಗ. ಮತ್ತೆ, ದಡದಲ್ಲಿದ್ದವರು ಬರಿಗೈಯಲ್ಲಿ ಕಾಪಾಡೋಕೆ ಹಾರಬೇಡಿ. ತೇಲೋ ವಸ್ತು ಎಸೀರಿ, ದೋಣಿಯವರನ್ನ ಕೂಗಿ.

ಹೊರಡೋ ಮೊದಲು, ಇಳಿಯೋ ಮೊದಲು

ಹಿಂದಿನ ರಾತ್ರಿ ಹೈದರಾಬಾದಿನ ಇನ್‌ಕಾಯಿಸ್ ಸಂಸ್ಥೆಯ ಅಲೆ ಎಚ್ಚರಿಕೆ, ಹವಾಮಾನ ಇಲಾಖೆಯ ಮುನ್ಸೂಚನೆ ನೋಡಿ. ಅಲೆಯ ಎತ್ತರ ಮಾತ್ರ ನೋಡಿದ್ರೆ ಸಾಲದು, ಎರಡು ಅಲೆಗಳ ನಡುವಿನ ಸೆಕೆಂಡುಗಳನ್ನೂ ನೋಡಿ. ಒಂದೇ ಎತ್ತರದ ಅಲೆ, ಆರು ಸೆಕೆಂಡಿಗೊಂದು ಬಂದ್ರೆ ಸಾಧಾರಣ. ಹದಿಮೂರು ಹದಿನಾಲ್ಕು ಸೆಕೆಂಡಿಗೊಂದು ಬಂದ್ರೆ ಅದರ ಹಿಂದೆ ಬಹಳ ದೂರದಿಂದ ಬಂದ ದೊಡ್ಡ ಶಕ್ತಿ ಇರುತ್ತೆ.

ಬೀಚಿಗೆ ಹೋದ ಮೇಲೆ ಹತ್ತು ನಿಮಿಷ ಸುಮ್ಮನೆ ನಿಂತು ನೋಡಿ. ಅಲೆ ಎಲ್ಲಿ ಒಡೀತಿದೆ, ಎಲ್ಲಿ ಒಡೀತಿಲ್ಲ, ನೊರೆ ಯಾವ ಕಡೆ ಜಾರ್ತಿದೆ? ಆಮೇಲೆ ಅಲ್ಲಿ ಬಲೆ ಹೆಣೀತಿರೋ ಯಾರನ್ನಾದ್ರೂ ಕೇಳಿ, "ಅಣ್ಣಾ, ಇನ್ನಿಕ್ಕಿ ಎಪ್ಪಡಿ ಇರುಕ್ಕು?" ಅಷ್ಟು ತಮಿಳು ಸಾಕು. ಅವರು ತಲೆ ಅಲ್ಲಾಡಿಸಿ ಬೇಡ ಅಂದ್ರೆ ಆ ದಿನ ಬೇಡ. ಎರಡು ಇಡ್ಲಿ, ಒಂದು ಫಿಲ್ಟರ್ ಕಾಫಿ ಕುಡಿದು ವಾಪಸ್ ಬನ್ನಿ. ಕಡಲು ಮುಂದಿನ ಶನಿವಾರವೂ ಅಲ್ಲೇ ಇರುತ್ತೆ.

ನಾನು ಈಗಲೂ ಎರಡನೇ ಹಂತದಲ್ಲೇ ಇದ್ದೀನಿ. ಅದರಲ್ಲಿ ನಾಚಿಕೆ ಇಲ್ಲ. ಪಾಯಿಂಟ್‌ನಲ್ಲಿ ಹುಡುಗರು ಆಡೋದನ್ನ ದಡದಲ್ಲಿ ಕೂತು ನೋಡ್ತೀನಿ, ಆಮೇಲೆ ನನ್ನ ಮರಳು ದಂಡೆಗೆ ಹೋಗಿ ನನ್ನ ಅಲೆ ಹಿಡೀತೀನಿ. ನೀರಿಗಿಳಿಯೋ ಮೊದಲು ಅಮ್ಮನಿಗೆ ಫೋನ್ ಮಾಡ್ತೀನಿ, ಬಂದ ಮೇಲೆ ಇನ್ನೊಂದು ಸಲ ಮಾಡ್ತೀನಿ. ಮುಂದಿನ ವಾರ ಸಿಗೋಣ.